ಪರದೆಯಾಚೆಯಿಂದ ಬಂದ ಬಟ್ಟಲು

ಬಿಳಿಯ ಬಟ್ಟಲು ಎಂದು ಬರೆದು ಆಮೇಲೆ ಹೊಡೆದು ಹಾಕಿದ್ದೇನೆ, ಯಾಕೆಂದರೆ ಅದಕ್ಕೆ ನೀಲಿ ಅಂಚಿತ್ತು ಎನ್ನುತ್ತಾರೆ ಗಿರಿಜಕ್ಕ. ಪಾತ್ರೆಗಳ ವಿಷಯದಲ್ಲಿ ಅವರು ಅಷ್ಟು ಸುಲಭವಾಗಿ ತಪ್ಪುವವರಲ್ಲ. ಅದು ನನ್ನ ಕೈಗೆ ಬಂದದ್ದಾದರೂ ಎಷ್ಟು ಸಲ? ಮೂರು ಎಂದು ನನ್ನ ನೆನಪು. ಮೂರು ಎಂದರೆ ಹೇಳುವುದಕ್ಕೆ ಚೆನ್ನಾಗಿರುತ್ತದೆ, ಅದಕ್ಕೇ ನನಗೆ ಅನುಮಾನ. ನಾನು ಪಿಯು ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುವವಳು. ಪ್ರಯೋಗಾಲಯದಲ್ಲಿ ಮೂರು ಸಲವೂ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದ ಅಳತೆ ಬಂದರೆ, ಪಕ್ಕದ ಬೆಂಚಿನಿಂದ ನಕಲು ಮಾಡಿದ್ದಾರೆ ಎಂದೇ ತಿಳಿಯುತ್ತೇನೆ. ನೆನಪಿಗೂ ಅದೇ ನ್ಯಾಯ.

ಆಣೆ ಮಾಡಿ ಹೇಳಬಲ್ಲದ್ದು ಇಷ್ಟು: ಹಗಲಾಗಿತ್ತು. ವಿಮಾನದ ಕೆಳಗೆ ಮರಳುಗಾಡು. ಪರದೆಯ ಆಚೆ ಅಕ್ಕ ಕಾಲು ಚಾಚಿ ಮಲಗಬಲ್ಲ ಸೀಟಿನಲ್ಲಿದ್ದರು. ಈಚೆ ನಾನು ಮೊಣಕಾಲು ಮಡಚಿಕೊಂಡು ಮೂವತ್ತೊಂದನೆಯ ಸಾಲಿನಲ್ಲಿದ್ದೆ. ಅವರನ್ನು ಅಲ್ಲಿಗೆ ಕಳಿಸಿದವಳು ನಾನೇ.

ಸರಸ್ವತಿ ನಗರ

ಗಿರಿಜಕ್ಕ ನನ್ನ ಓರಗಿತ್ತಿ, ನಮ್ಮವರ ಅಣ್ಣನ ಹೆಂಡತಿ. ದಾವಣಗೆರೆಯ ಪಿ.ಜೆ. ಬಡಾವಣೆಯ ಮನೆಯಲ್ಲಿ ಹದಿನಾರು ವರ್ಷ ನಮ್ಮದು ಒಂದೇ ಒಲೆ. ಆ ಮನೆಗೆ ಹೊಸದೇನು ಬಂದರೂ ಹಿರಿಯ ಸೊಸೆಯ ಹೆಸರಿಗೆ ಬರುತ್ತಿತ್ತು. ಅದು ಮಾವನವರು ಹಾಕಿಕೊಟ್ಟ ಪದ್ಧತಿ. ಪೈಪು ಮತ್ತು ಮೋಟರಿನ ಅಂಗಡಿ ಅಕ್ಕನ ಹೆಸರಲ್ಲಿ, ಗ್ಯಾಸು ಅಕ್ಕನ ಹೆಸರಲ್ಲಿ. ಸ್ಟೀಲಿನ ಪಾತ್ರೆ ಕೊಂಡರೆ ಅಂಗಡಿಯವನು ಕೇಳುವ ಮೊದಲೇ ಮುಚ್ಚಳದ ಮೇಲೆ ಚುಕ್ಕಿಚುಕ್ಕಿಯಾಗಿ ‘ಗಿರಿಜಮ್ಮ’ ಎಂದು ಹೊಡೆದು ಕೊಡುತ್ತಿದ್ದ. ಭಾವ ಬ್ಯಾಂಕಿನಿಂದ ಕ್ರೆಡಿಟ್ ಕಾರ್ಡು ತಂದಾಗ ಅದೂ ಅಕ್ಕನ ಹೆಸರಿಗೇ ಬಂತು. ಅದರ ಬಾಲದಂತೆ ಬಂದ ಇನ್ನೊಂದು ಕಾರ್ಡು ನಮ್ಮವರ ಜೇಬು ಸೇರಿತು. ಅಂಗಡಿಗೆ ಮಾಲು ತರಿಸಿದಾಗಲೆಲ್ಲ ಯಾವುದೋ ವಿಮಾನ ಕಂಪನಿಯ ಪಾಯಿಂಟುಗಳು ಅಕ್ಕನ ಖಾತೆಗೆ ಬೀಳುತ್ತಿದ್ದವಂತೆ. ವಿಮಾನ ಹತ್ತುವ ಮನೆ ಅದಾಗಿರಲಿಲ್ಲ. ಆ ಕಡೆ ಯಾರೂ ತಿರುಗಿ ನೋಡಲಿಲ್ಲ.

ಆಮೇಲೆ ಬೇರೆಯಾದೆವು. ಮೊದಲು ಒಲೆ ಎರಡಾಯಿತು, ಆಮೇಲೆ ನಡುಮನೆಯ ಮಧ್ಯೆ ಗೋಡೆ ಎದ್ದಿತು. ಪಾತ್ರೆಗಳನ್ನು ನೆಲದ ಮೇಲೆ ಹರಡಿ ಅತ್ತ ಅರ್ಧ ಇತ್ತ ಅರ್ಧ ಮಾಡಿದೆವು. ಅದರಲ್ಲೇನೂ ಕಹಿ ಇರಲಿಲ್ಲ. ಗೋಡೆ ಎದ್ದ ಮೇಲೂ ಡಬ್ಬಿಗಳು ಓಡಾಡುತ್ತಿದ್ದವು. ಆ ಕಡೆಯಿಂದ ಸೆಂಡಿಗೆ ಬಂದರೆ ಈ ಕಡೆಯಿಂದ ಅದೇ ಡಬ್ಬಿಯಲ್ಲಿ ಏನಾದರೂ ಹೋಗಬೇಕು. ಏನೂ ಇಲ್ಲದಿದ್ದರೆ ಒಂದು ಹಿಡಿ ಸಕ್ಕರೆ, ಅದೂ ಇಲ್ಲದಿದ್ದರೆ ನಾಲ್ಕು ಕಾಳು ಅಕ್ಕಿ. ತುಂಬಿ ಬಂದ ಪಾತ್ರೆಯನ್ನು ಖಾಲಿ ವಾಪಸ್ ಕೊಡಬಾರದು. ಇದನ್ನು ನಮ್ಮ ಕಡೆ ಯಾರೂ ಯಾರಿಗೂ ಕಲಿಸುವುದಿಲ್ಲ, ಎಲ್ಲರಿಗೂ ಗೊತ್ತಿರುತ್ತದೆ.

ಒಂದು ಯುಗಾದಿಯ ಮರುದಿನ ನಾನು ಹೋಳಿಗೆ ಹಾಕಿ ಕಳಿಸಿದ್ದ ಡಬ್ಬಿ ಖಾಲಿ ಬಂತು. ತೊಳೆದು, ಒರೆಸಿ, ಮುಚ್ಚಳ ಹಾಕಿ, ಖಾಲಿ. ಎರಡು ಸಲ ತೆಗೆದು ನೋಡಿದೆ.

ಬೈದಾಡಿಕೊಂಡವರು ನಾಳೆ ಮಾತಾಡಬಹುದು. ಖಾಲಿ ಡಬ್ಬಿಗೆ ಉತ್ತರ ಕೊಡಲು ಬರುವುದಿಲ್ಲ. ನಾನೂ ಕೊಡಲಿಲ್ಲ. ಕೆಲವು ತಿಂಗಳಲ್ಲಿ ಭಾವ ತಮ್ಮ ಪಾಲಿನ ಅಂಗಡಿಯನ್ನು ಹರಿಹರಕ್ಕೆ ಸಾಗಿಸಿದರು, ನಾವು ಊರೊಳಗೇ ಸರಸ್ವತಿ ನಗರಕ್ಕೆ ಬಂದೆವು. ಆರು ವರ್ಷ. ನಡುವೆ ಮದುವೆ ಮನೆಗಳಲ್ಲಿ “ಊಟ ಆತಾ?” ಅಂದಿದ್ದೇವೆ. ಎರಡು ವರ್ಷದ ಹಿಂದೆ ಭಾವ ತೀರಿಕೊಂಡಾಗ ಹೋಗಿ ಅಕ್ಕನ ಪಕ್ಕ ಕೂತು ಅತ್ತು ಬಂದೆ. ಡಬ್ಬಿಯ ಮಾತು ಇಬ್ಬರೂ ಎತ್ತಲಿಲ್ಲ.

ಹೀಗಿರುವಾಗ ಒಂದು ಭಾನುವಾರ ಅಕ್ಕನ ಫೋನು.

“ಶೈಲಾ, ಮೊಬೈಲಿಗೆ ಏನೋ ಬಂದೈತೆ ನೋಡು. ಪಾಯಿಂಟ್ಸ್ ಸಾಯ್ತಾವಂತೆ.”

“ಯಾವ ಪಾಯಿಂಟ್ಸಕ್ಕಾ?”

“ನಂಗೇನ್ ಗೊತ್ತು? ಹುಟ್ಟಿದ್ದು ಹೇಳ್ಲಿಲ್ಲ, ಸಾಯಾದು ಮಾತ್ರ ಹೇಳಾಕತ್ತಾರೆ.”

ಖಾತೆ ತೆರೆದು ನೋಡಿದರೆ ಪಾಯಿಂಟುಗಳ ರಾಶಿ ಕಂಡು ಗಾಬರಿಯಾಯಿತು. ಮನೆ, ಅಂಗಡಿ, ಹಂಡೆ, ಒರಳು ಎಲ್ಲ ಪಾಲಾಗಿತ್ತು. ಇದೊಂದನ್ನು ಪಾಲು ಮಾಡಲು ಎಲ್ಲರೂ ಮರೆತಿದ್ದರು. ನಮ್ಮವರೂ ಕಾರ್ಡು ನಿಲ್ಲಿಸಿರಲಿಲ್ಲ, ಅಕ್ಕನೂ ನಿಲ್ಲಿಸಿರಲಿಲ್ಲ. ಒಂದಕ್ಕೊಂದು ಮಾತು ಬಿಟ್ಟ ಎರಡು ಅಂಗಡಿಗಳು ಆರು ವರ್ಷ ಒಂದೇ ಹುಂಡಿಗೆ ಹಾಕುತ್ತಾ ಬಂದಿದ್ದವು. ಸಾಯುವ ಮೊದಲು ಬಳಸಬೇಕು. ಬಳಸುವುದಾದರೆ ಇಬ್ಬರೇ ಹೋಗೋಣ ಎಂದೆ. ಅಕ್ಕ ಯೋಚಿಸಿ ಹೇಳುತ್ತೇನೆ ಎನ್ನಲಿಲ್ಲ. “ಯಾವತ್ತು?” ಎಂದರು.

ಎಲ್ಲಿಗೆ ಎಂಬುದನ್ನು ನಾವು ಆರಿಸಲಿಲ್ಲ. ಪಾಯಿಂಟಿನ ಮೇಲೆ ಹೋಗುವವರು ಊರು ಆರಿಸುವುದಿಲ್ಲ, ಊರೇ ಅವರನ್ನು ಆರಿಸುತ್ತದೆ. ನನ್ನ ರಜೆಯಲ್ಲಿ ಎರಡು ರಿವಾರ್ಡ್ ಸೀಟು ಒಟ್ಟಿಗೆ ಖಾಲಿ ಇದ್ದದ್ದು ಲಿಸ್ಬನ್ನಿಗೆ ಮಾತ್ರ.

“ಅದೆಲ್ಲೈತೆ?”

“ಪೋರ್ಚುಗಲ್‌ನಾಗೆ ಅಕ್ಕ.”

“ಗೋವಾಕ್ಕ ಬಂದಿದ್ರಲ್ಲ, ಅವರ ಊರಾ? ಅವರು ಕೇಳ್ದೆ ಬಂದಿದ್ರು. ನಾವು ಕೇಳ್ಕಂಡು ಹೋಗಾಣ ಬಿಡು.”

ನನ್ನ ಮನಸ್ಸಿನಲ್ಲಿದ್ದದ್ದು ಊರಲ್ಲ. ಕೊಲ್ಲಿಯ ಊರೊಂದರಲ್ಲಿ ಇಳಿದು ಬೇರೆ ವಿಮಾನ ಹತ್ತಿದರೆ ಅಲ್ಲಿಂದ ಎಂಟು ಗಂಟೆಯ ಹಾರಾಟ. ಎಂಟು ಗಂಟೆ ಪಕ್ಕಪಕ್ಕದಲ್ಲಿ, ಬೆಲ್ಟು ಬಿಗಿದುಕೊಂಡು. ಹಾಲು ಉಕ್ಕಿತು ಎಂದು ಎದ್ದು ಹೋಗುವಂತಿಲ್ಲ, ಗಿರಾಕಿ ಬಂದ ಎನ್ನುವಂತಿಲ್ಲ. ಅಲ್ಲಿ ಕೇಳಬೇಕು: ಆ ಡಬ್ಬಿ ಯಾಕೆ ಖಾಲಿ ಕಳಿಸಿದಿರಿ?

ಹರಿಹರ

ಪಾಸ್‌ಪೋರ್ಟಿನ ವಿವರ ಬರೆದುಕೊಳ್ಳಲು ಅವರ ಅಂಗಡಿಗೆ ಹೋದೆ. ಭಾವನ ನಂತರ ಗಲ್ಲಾದ ಮೇಲೆ ಅಕ್ಕನೇ ಕೂರುತ್ತಾರೆ. ಪೈಪು ತಿರುಗಿಸಲು ಮುಕ್ಕಾಲು ಇಂಚಿನ ಎಲ್ಬೋ ಕೇಳಿದವನಿಗೆ, “ನಿನ್ನ ಮನಿ ಲೈನು ಒಂದ್ ಇಂಚಿಂದು. ಹೋದ್ ವರ್ಷ ನೀನೇ ಒಯ್ದಿದ್ದು. ಮನಿಗೆ ಫೋನ್ ಮಾಡಿ ಕೇಳು, ಹೋಗು” ಎಂದು ಗದರಿ ಕಳಿಸಿದರು. ಆತ ಹೊರಗೆ ಹೋಗಿ ಫೋನು ಮಾಡಿ, ಬಂದು, ಒಂದಿಂಚಿನದನ್ನೇ ಒಯ್ದ.

ಆಗ ಅವರ ಕಾಲು ನೋಡಿದೆ. ಮಗುಚಿಟ್ಟ ಬಕೆಟ್ಟಿನ ಮೇಲೆ ಎತ್ತಿಟ್ಟುಕೊಂಡಿದ್ದರು. ಪಾದಗಳು ಊದಿ ಕಾಲುಂಗುರ ಚರ್ಮದೊಳಗೆ ಹೂತು ಹೋಗಿತ್ತು. “ಇಳಿಬಿಟ್ಕಂಡು ಕುಂದ್ರಬ್ಯಾಡ್ರಿ ಅಂತಾರೆ ಡಾಕ್ಟ್ರು. ಕುಂದ್ರದೆ ಅಂಗಡಿ ನಡಿತೈತಾ?”

ಮನೆಗೆ ಬಂದವಳೇ ವಿಮಾನ ಕಂಪನಿಗೆ ಫೋನು ಮಾಡಿದೆ. ಕಾಯ್ದಿರಿಸಿದ ರಿವಾರ್ಡ್ ಸೀಟನ್ನು ಇನ್ನಷ್ಟು ಪಾಯಿಂಟು ಕೊಟ್ಟು ಮೇಲಿನ ದರ್ಜೆಗೆ ಏರಿಸಿಕೊಳ್ಳಬಹುದು ಎಂದು ಓದಿದ್ದೆ. ಅಲ್ಲಿ ಸೀಟು ಹಾಸಿಗೆಯಾಗುತ್ತದೆ, ಕಾಲು ಚಾಚಬಹುದು. ಇಬ್ಬರಿಗೂ ಕೇಳಿದೆ. ಆ ಕಡೆಯ ಹುಡುಗಿ ಬೆಂಗಳೂರಿನ ಕನ್ನಡದಲ್ಲಿ ನಿಧಾನವಾಗಿ ಹೇಳಿದಳು.

“ಮೇಡಂ, ಹೋಗುವಾಗಲೂ ಬರುವಾಗಲೂ ಆ ಕ್ಯಾಬಿನ್‌ನಲ್ಲಿ ರಿವಾರ್ಡ್ ಸೀಟು ಒಂದೊಂದೇ ಇದೆ. ಒಬ್ಬರನ್ನ ಮಾತ್ರ ಅಪ್‌ಗ್ರೇಡ್ ಮಾಡಬಹುದು. ಆದರೆ ಇಬ್ಬರೂ ಒಂದೇ ಬುಕಿಂಗ್‌ನಲ್ಲಿದ್ದೀರಲ್ಲ, ಮೊದಲು ಅದನ್ನ ಬೇರೆ ಬೇರೆ ಮಾಡಬೇಕಾಗುತ್ತೆ. ಒಂದು ಸಲ ಬೇರೆ ಮಾಡಿದರೆ ಮತ್ತೆ ಸೇರಿಸೋಕೆ ಬರಲ್ಲ. ಪರವಾಗಿಲ್ವಾ?”

“ಪರವಾಗಿಲ್ಲ” ಎಂದೆ. ಎಷ್ಟು ಹೊತ್ತು ಯೋಚಿಸಿ ಎಂದೆ? ನನ್ನ ನೆನಪಿನಲ್ಲಿ ದೀರ್ಘವಾದ ಮೌನವೊಂದಿದೆ. ಅದನ್ನು ನಾನು ಆಮೇಲೆ ಸೇರಿಸಿರಬೇಕು. ತಟ್ಟನೆ ಅಂದಿರುತ್ತೇನೆ.

ಖಾತೆ ಅಕ್ಕನದು, ಆದ್ದರಿಂದ ಒಟಿಪಿ ಹರಿಹರಕ್ಕೆ ಹೋಯಿತು. ಇನ್ನೊಂದು ಫೋನಿನಿಂದ ಕರೆ ಮಾಡಿದೆ.

“ಅಕ್ಕ, ನಿಮ್ಮ ಮೊಬೈಲಿಗೆ ಒಂದು ನಂಬರ್ ಬಂದೈತೆ. ಹೇಳ್ರಿ.”

“ಯಾರಿಗೂ ಹೇಳಬ್ಯಾಡ್ರಿ ಅಂತ ದಿನಾ ಫೋನಿನಾಗೆ ಹೊಡ್ಕಂತಾರಲ್ಲ?”

“ನಾನೇನು ಹೊರಗಿನೋಳಾ ಅಕ್ಕ?”

ಆ ಕಡೆ ಏನೂ ಕೇಳಿಸಲಿಲ್ಲ. ಈ ಮೌನ ನಿಜವಾದದ್ದು, ಕಂಪನಿಯ ಹುಡುಗಿ “ಮೇಡಂ, ಲೈನಲ್ಲಿದ್ದೀರಾ?” ಎಂದು ಕೇಳುವಷ್ಟು ಉದ್ದವಿತ್ತು. ಆಮೇಲೆ ಅಕ್ಕ ಒಂದೊಂದೇ ಅಂಕಿ ಹೇಳಿದರು. ಕೊನೆಗೆ, “ಯಾತಕ್ಕ ಇದು?” ಎಂದರು.

“ಸೀಟು ಪಕ್ಕಾ ಮಾಡಾಕೆ.”

ಸುಳ್ಳಲ್ಲ. ಹೇಳಿದ್ದರೆ ಅಕ್ಕ ಬೇಡ ಎನ್ನುತ್ತಿದ್ದರು, ನಾನು ನೀವೇ ಎನ್ನುತ್ತಿದ್ದೆ, ಅವರು ನೀನೇ ಎನ್ನುತ್ತಿದ್ದರು, ಅಷ್ಟರಲ್ಲಿ ಆ ಒಂದು ಸೀಟು ಬೇರೆಯವರ ಪಾಲಾಗುತ್ತಿತ್ತು. ಅಕ್ಕನ ಕಾಲಿಗಾಗಿ ಮಾಡಿದೆ. ಇದನ್ನು ನಾನು ಈವರೆಗೆ ಎಲ್ಲರಿಗೂ ಹೇಳಿದ್ದೇನೆ. ಬರೆಯುವಾಗ ಇನ್ನೊಂದು ಸಾಲು ತಾನಾಗಿ ಬರುತ್ತದೆ: ಎಂಟು ಗಂಟೆ ಪಕ್ಕದಲ್ಲಿ ಕೂತು ಕೇಳಬೇಕಿದ್ದ ಪ್ರಶ್ನೆಗೆ ಹೆದರಿಯೂ ಮಾಡಿರಬಹುದು.

ಬೆಂಗಳೂರು, ಕೌಂಟರು

ಅಕ್ಕ ಬಿಲ್ಲು ಓದುವವರು. ಕೌಂಟರಿನ ಹುಡುಗಿ ಕೊಟ್ಟ ಚೀಟಿಗಳನ್ನು ಚೀಲಕ್ಕೆ ಹಾಕಿಕೊಳ್ಳದೆ ಕನ್ನಡಕ ಏರಿಸಿ ಓದಿದರು.

“ಲಿಸ್ಬನ್ನಿಗೆ ನಂದು ಎರಡನೇ ಸಾಲು, ನಿಂದು ಮೂವತ್ತೊಂದು. ಇದೇನಿದು?”

ಹುಡುಗಿ ಸಂತೋಷದ ಸುದ್ದಿ ಹೇಳುವವಳಂತೆ ಹೇಳಿದಳು. “ಮೇಡಂ, ನಿಮಗೆ ಅಪ್‌ಗ್ರೇಡ್ ಆಗಿದೆ. ಇವರೇ ಮಾಡಿಸಿದ್ದಾರೆ. ನಿಮ್ಮಿಬ್ಬರ ಬುಕಿಂಗ್ ಬೇರೆ ಮಾಡಿದ್ದಾರೆ.”

ಅಕ್ಕ ನನ್ನ ಕಡೆ ತಿರುಗಿದರು. “ಬ್ಯಾರೆ ಮಾಡಿಸಿದ್ಯಾ?”

“ನಿಮ್ಮ ಕಾಲು ಊದ್ತಾವಲ್ಲ ಅಕ್ಕ, ಅದಕ್ಕ...”

“ಕಾಲಿನ ಮಾತು ಆಮ್ಯಾಲೆ. ನನ್ನ ಒಂದ್ ಮಾತು ಕೇಳಿದ್ಯಾ?” ಎಂದವರು ಚೀಟಿಯನ್ನು ಹುಡುಗಿಯ ಮುಂದಿಟ್ಟರು. “ತಾಯಿ, ಆ ಸೀಟು ಇವಳಿಗೆ ಕೊಡು. ಎತ್ತರದಾಕಿ.”

“ಬ್ಯಾಡ, ಅವರಿಗೇ ಇರ್ಲಿ,” ಎಂದೆ.

“ಇವಳಿಗೇ ಕೊಡು ಅಂದ್ನಲ್ಲ.”

ಇನ್ನೊಂದು ಸುತ್ತು ಬಾಕಿಯಿತ್ತು. ನಮ್ಮಲ್ಲಿ ಮೂರನೆಯ ಸಲಕ್ಕೆ ತೀರ್ಮಾನವಾಗುತ್ತದೆ. ಆ ಹುಡುಗಿಗೆ ಅದು ಗೊತ್ತಿರಲಿಲ್ಲ. “ಹೆಸರು ಬದಲಾಯಿಸೋಕೆ ಬರಲ್ಲ ಮೇಡಂ. ನೆಕ್ಸ್ಟ್,” ಎಂದಳು.

ಕೊಲ್ಲಿಯವರೆಗಿನ ಮೊದಲ ಹಾರಾಟದಲ್ಲಿ ಒಟ್ಟಿಗೇ ಕೂತಿದ್ದೆವು. ಅಕ್ಕ ಕಣ್ಣು ಮುಚ್ಚಿದವರು ಇಳಿಯುವ ತನಕ ತೆಗೆಯಲಿಲ್ಲ. ಅದು ನಿದ್ದೆಯಲ್ಲ. ನಿದ್ದೆ ಬಂದರೆ ಅವರ ಬಾಯಿ ತೆರೆದಿರುತ್ತದೆ. ಹದಿನಾರು ವರ್ಷ ಕಂಡವಳು ನಾನು. ಇಳಿದ ಮೇಲೆ ಒಂದೇ ಮಾತು ಆಡಿದರು: “ಬ್ಯಾರೆ ಆಗಿದ್ದು ಎರಡನೇ ಸಲ.”

ಪರದೆ

ಹೀಗೆ ಪರದೆ ಎಳೆಯಲಾಯಿತು. ಬೂದು ಬಣ್ಣದ, ತೆಳುವಾದ ಬಟ್ಟೆ. ಇಟ್ಟಿಗೆಯದಲ್ಲ, ಆದರೂ ದಾಟುವಂತಿಲ್ಲ. ನಾನು ಎದ್ದು ಒಮ್ಮೆ ಹೋದೆ. ಗಗನಸಖಿ ನಗುತ್ತಲೇ ಅಡ್ಡ ನಿಂತಳು.

ನನ್ನ ಪಕ್ಕದಲ್ಲಿ ಲಿಸ್ಬನ್ನಿನ ಮುದುಕರೊಬ್ಬರು ಟೋಪಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಹಾರಾಟ ಶುರುವಾಗಿ ಒಂದು ಗಂಟೆಯಾಗಿರಬೇಕು. ಆ ಗಗನಸಖಿ ಬಟ್ಟಲೊಂದನ್ನು ಎರಡು ಕೈಯಲ್ಲಿ ಹಿಡಿದು ತಂದಳು. ಬಿಸಿ ಮಾಡಿದ ಗೋಡಂಬಿ, ಬಾದಾಮಿ. ನಿಮ್ಮ ಅಕ್ಕ ಕಳಿಸಿದ್ದಾರೆ ಎಂದು ಇಂಗ್ಲಿಷಿನಲ್ಲಿ ಹೇಳಿದಳು. ನಾನು ತಿಂದೆ, ಮುದುಕರಿಗೂ ಕೊಟ್ಟೆ. ಬಟ್ಟಲು ಒಯ್ಯಲು ಅವಳು ಕೈ ಚಾಚಿದಳು.

ಇಲ್ಲಿ ನನ್ನ ಕೈ ತಾನಾಗಿಯೇ ಹಿಂದೆ ಸರಿಯಿತು. ಖಾಲಿ ಹೆಂಗೆ ಕೊಡುವುದು? ಕಾಲ ಬಳಿಯ ಚೀಲದಲ್ಲಿ ಖಾರ ಮಂಡಕ್ಕಿಯ ಪೊಟ್ಟಣವಿತ್ತು. ಬಿಚ್ಚಿ, ಬಟ್ಟಲು ತುಂಬಿ, ಅವಳ ಕೈಗಿಟ್ಟೆ. ಅವಳು ಮಂಡಕ್ಕಿಯನ್ನೂ ನನ್ನನ್ನೂ ನೋಡಿದಳು. ಅಕ್ಕನಿಗೆ ಎಂದೆ. ಅವಳು ಹೋದಳು.

ಹತ್ತು ನಿಮಿಷಕ್ಕೆ ಬಟ್ಟಲು ಮತ್ತೆ ಬಂತು. ಈ ಸಲ ಉಪ್ಪುನೀರಿನ ಆಲಿವ್ ಕಾಯಿ. ಅಕ್ಕ ಒಂದನ್ನು ಕಚ್ಚಿ ನೋಡಿ, ಉಳಿದದ್ದು ನನಗೆ ಕಳಿಸಿದ್ದರು. ಕಚ್ಚಿದ ಗುರುತಿನ ಒಂದು ಕಾಯಿಯೂ ಅದರಲ್ಲಿತ್ತು, ಎಚ್ಚರಿಕೆಯಂತೆ. ನಾನು ಆಲಿವ್‌ಗಳನ್ನು ಮುದುಕರಿಗೆ ಒಪ್ಪಿಸಿ, ಶೇಂಗಾ ಚಟ್ನಿಪುಡಿಯ ಡಬ್ಬಿ ತೆಗೆದೆ. ನಮ್ಮ ಪಾಲಿಗೆ ಬಂದ ಡಬ್ಬಿ, ಮುಚ್ಚಳದ ಮೇಲೆ ‘ಗಿರಿಜಮ್ಮ’. ಎರಡು ಚಮಚ ಪುಡಿ ಬಟ್ಟಲಿಗೆ ಹಾಕಿದೆ. ಮೂರನೆಯ ಸಲ (ಮೂರನೆಯದು ಇದ್ದರೆ) ಅಂಜೂರದ ಹೋಳುಗಳು ಬಂದವು. ಆಗ ಗಗನಸಖಿ ನನ್ನ ಪಕ್ಕ ಮಂಡಿಯೂರಿ ಕೂತು, ಬಹಳ ವಿನಯದಿಂದ, ಮೇಡಂ, ಈ ಬಟ್ಟಲು ಕಂಪನಿಯದು, ಇದನ್ನು ತೊಳೆಯಬೇಕು, ದಯವಿಟ್ಟು ಇನ್ನು ಏನೂ ಹಾಕಬೇಡಿ ಎಂದಳು. ನಾನು ಕೊಟ್ಟೆ. ಅವಳು ಹೊರಡುವ ಮೊದಲು ಅದರ ತಳಕ್ಕೆ ಒಂದು ಮಂಡಕ್ಕಿ ಹಾಕಿದೆ. ಒಂದೇ ಒಂದು ಕಾಳು.

ಮುದುಕರು ಪೊಟ್ಟಣದ ಕಡೆ ಕೈ ತೋರಿಸಿದರು. ಉಳಿದ ಮಂಡಕ್ಕಿಯನ್ನು ಇಬ್ಬರೂ ತಿಂದು ಮುಗಿಸಿದೆವು. ಖಾರಕ್ಕೆ ಅವರ ಕಣ್ಣಲ್ಲಿ ನೀರು, ನನ್ನ ಕಣ್ಣಲ್ಲೂ. ನನ್ನದು ಖಾರಕ್ಕಲ್ಲ. ಖಾಲಿ ಕಳಿಸಬಾರದು ಎಂಬುದು ಅಕ್ಕನಿಗೆ ಆಕಾಶದಲ್ಲೂ ಮರೆತಿಲ್ಲ. ಹಾಗಾದರೆ ಆ ಯುಗಾದಿಯ ಮರುದಿನ ಬೇಕೆಂದೇ ಕಳಿಸಿದ್ದು.

ಲಿಸ್ಬನ್

ಊರೆಲ್ಲ ಏರು. ದಾವಣಗೆರೆಯಲ್ಲಿ ಸೈಕಲ್ಲನ್ನು ತಳ್ಳದೆ ಊರು ಸುತ್ತಬಹುದು. ಇಲ್ಲಿ ಮನುಷ್ಯನನ್ನೇ ತಳ್ಳಬೇಕು. ರಸ್ತೆಯ ಬದಿಗೆ ಬಿಳಿಯ ಸಣ್ಣ ಕಲ್ಲುಗಳನ್ನು ಕೈಯಿಂದ ಜೋಡಿಸಿದ್ದಾರೆ. ಜನ ನಡೆದು ನಡೆದು ಅವು ಸಾಬೂನಿನಂತೆ ನುಣುಪಾಗಿವೆ. ನಾನು ಎರಡು ಸಲ ಜಾರಿದೆ. ಅಕ್ಕ ಒಂದು ಸಲವೂ ಜಾರಲಿಲ್ಲ, ಎರಡು ಸಲವೂ ನನ್ನ ರಟ್ಟೆ ಹಿಡಿದರು. ಹಾಸಿಗೆಯಲ್ಲಿ ಬಂದವರ ಕಾಲು ಊದಿರಲಿಲ್ಲ. ಇದನ್ನು ನಾನು ದಾಖಲಿಸಲೇಬೇಕು.

ಜನ ಚರ್ಚು, ಕೋಟೆ ನೋಡಿದರೆ ಅಕ್ಕ ಪೈಪು ನೋಡಿದರು. ಹಳೆಯ ಮನೆಗಳ ಮುಂಗೋಡೆಗೆಲ್ಲ ಹೂಬಳ್ಳಿಯ ಟೈಲ್ಸು, ಅದರ ಮೇಲೆ ಹಾದು ಬರುವ ಮಳೆನೀರಿನ ಪೈಪು. “ಇಂಥ ಗೋಡೆ ಮ್ಯಾಲೆ ಕ್ಲ್ಯಾಂಪ್ ಹೆಂಗ್ ಹೊಡ್ದಾರ ನೋಡು. ಒಂದ್ ಟೈಲ್ಸೂ ಸೀಳಿಲ್ಲ!” ಎಂದು ಒಂದು ಮನೆಯ ಮುಂದೆ ನಿಂತೇಬಿಟ್ಟರು. ಕಿಟಕಿಯಲ್ಲಿ ಮೊಣಕೈ ಊರಿದ್ದ ಅಜ್ಜಿಯೊಬ್ಬಳು ನಮ್ಮನ್ನು ನೋಡುತ್ತಿದ್ದಳು. ನಮ್ಮೂರ ಎಂ.ಸಿ.ಸಿ. ಬಡಾವಣೆಯಲ್ಲಿ ಗೇಟಿನ ಮುಂದೆ ಅಪರಿಚಿತರು ನಿಂತರೆ “ಯಾರು ಬೇಕಾಗಿತ್ರಿ?” ಎನ್ನುತ್ತಾರಲ್ಲ, ಅದೇ ದನಿಯಲ್ಲಿ ಏನೋ ಕೇಳಿದಳು. ಅಕ್ಕ ಪೈಪಿನ ಕಡೆ ಬೆರಳು ತೋರಿಸಿ, “ಭಾಳ ಚಲೋ ಐತ್ರಿ,” ಎಂದರು. ಅಜ್ಜಿ ತಲೆಯಾಡಿಸಿದಳು. ಬಹುಶಃ ತಾನು ಒಣಹಾಕಿದ್ದ ಬಟ್ಟೆಯನ್ನು ಹೊಗಳಿದ್ದಾರೆ ಎಂದುಕೊಂಡಿರಬೇಕು.

ಒಂದು ಬೇಕರಿಯಲ್ಲಿ ಸಣ್ಣ ಬಟ್ಟಲಿನಾಕಾರದ ಸಿಹಿ ಬಿಸಿಬಿಸಿ ಸಿಗುತ್ತಿತ್ತು. ಹೊರಗೆ ಗರಿಗರಿ, ಒಳಗೆ ಗಿಣ್ಣಿನಂತೆ ಮೆತ್ತಗೆ. ಅಕ್ಕ ಎರಡು ತಿಂದರು, ನಾನು ಮೂರು. ಆಮೇಲೆ ನಾನು ಡಬ್ಬದ ಮೇಲಿನ ಬರಹ ಓದಿದೆ.

“ಅಕ್ಕ, ಇದಕ್ಕ ತತ್ತಿ ಹಾಕಿದಾರೆ.”

ಲಿಂಗ ಕಟ್ಟಿಕೊಂಡ ಹೆಣ್ಣುಮಗಳು. ಕೈಯಲ್ಲಿದ್ದ ಕೊನೆಯ ಚೂರನ್ನು ನೋಡಿದರು. “ನೀನು ಓದಬಾರ್ದಿತ್ತು,” ಎಂದು ಅದನ್ನು ಪಾರಿವಾಳಗಳಿಗೆ ಹಾಕಿ, ಸೀರೆಯ ಸೆರಗಿನಿಂದ ಬಾಯಿ ಒರೆಸಿಕೊಂಡರು. ಆ ದಿನ ರಾತ್ರಿ ಊಟ ಬಿಟ್ಟರು. ನಾನೂ ಬಿಟ್ಟೆ. ಯಾಕೆಂದು ಒಬ್ಬರಿಗೊಬ್ಬರು ಹೇಳಲಿಲ್ಲ.

ಕೊನೆಯ ದಿನ ದೋಣಿಯಲ್ಲಿ ತೇಜೋ ನದಿ ದಾಟಿದೆವು. ನದಿ ಎಂದರೆ ನದಿಯಲ್ಲ, ಕಡಲು ಒಳಗೆ ನುಗ್ಗಿ ಬಂದಂತಿದೆ. “ನಮ್ಮ ಹೊಳಿ ಹತ್ರ ನಿಂತ್ರೆ ಆಚೆ ದಂಡಿ ಮ್ಯಾಲೆ ಬಟ್ಟಿ ಒಗಿಯೋರು ಕಾಣ್ತಾರೆ,” ಎಂದರು ಅಕ್ಕ. ಅವರ ಹೊಳೆ ತುಂಗಭದ್ರೆ. “ಇಲ್ಲಿ ಆಚೆ ಇರೋರು ಯಾರು ಅಂತಾನೇ ಗೊತ್ತಾಗಲ್ಲ.” ಕೇಳಲು ಅದಕ್ಕಿಂತ ಒಳ್ಳೆಯ ಗಳಿಗೆ ಸಿಗುತ್ತಿರಲಿಲ್ಲ. ಗಾಳಿ ಜೋರಾಗಿದೆ, ಕೂಗಿ ಕೇಳುವ ಪ್ರಶ್ನೆಯಲ್ಲ ಎಂದು ಬಿಟ್ಟೆ. ಗಾಳಿ ಅಷ್ಟೇನೂ ಇರಲಿಲ್ಲ ಎಂದು ಅಂದು ತೆಗೆದ ಫೋಟೋ ಹೇಳುತ್ತದೆ. ಸೆರಗು ನೆಟ್ಟಗೆ ಇಳಿಬಿದ್ದಿದೆ.

ಮರಳುವ ಕೌಂಟರು

ಬರುವಾಗಲೂ ಅಕ್ಕನಿಗೆ ಎರಡನೆಯ ಸಾಲು. ಚೀಟಿಗಾಗಿ ಸರದಿಯಲ್ಲಿದ್ದಾಗ ನಾನು ಬಾತ್‌ರೂಮಿಗೆ ಹೋಗಿ ಬಂದೆ. ಹತ್ತು ನಿಮಿಷವಿರಬಹುದು. ಬಂದರೆ ಅಕ್ಕ ಎರಡು ಚೀಟಿಗಳನ್ನು ಬೀಸಣಿಗೆಯಂತೆ ಹಿಡಿದು ನಿಂತಿದ್ದರು. ಎರಡರಲ್ಲೂ ಇಪ್ಪತ್ತೊಂಬತ್ತನೆಯ ಸಾಲು, ಪಕ್ಕಪಕ್ಕದ ಸೀಟು.

“ಇದೇನಕ್ಕ?”

“ಇಳಿಸ್ರಿ ನನ್ನ ಅಂದೆ.”

“ಯಾರಿಗೆ?”

“ಆಕೀಗೆ.” ಕೌಂಟರಿನಲ್ಲಿದ್ದ ಹೆಣ್ಣುಮಗಳು ಗುಜರಾತಿನ ಕಡೆಯವಳಂತೆ, ಅಜ್ಜನ ಕಾಲದಿಂದ ಅಲ್ಲೇ ಇದ್ದವರಂತೆ. ಅಕ್ಕ ಅಂಗಡಿಯ ಹಿಂದಿಯಲ್ಲಿ ಮಾತಾಡಿದ್ದರು. “ಮೇರೆಕು ನೀಚೆ ಬಿಠಾವ್ ಅಂದೆ. ಪಾಯಿಂಟ್ಸ್ ವಾಪಸ್ ಬರಲ್ಲ ಅಂದ್ಲು. ಹೋದ್ರೆ ಹೋಗ್ಲಿ, ಹೆಂಗೂ ಸಾಯೋವೇ ಇದ್ವು ಅಂದೆ.”

“ಕಾಲು ಊದ್ತಾವಲ್ಲಕ್ಕ!”

“ಮಲಗಾಕೆ ನಂಗೆ ಹರಿಹರದಾಗೆ ಮಂಚ ಐತೆ. ಅಲ್ಲಿ ಮುಂದ ಮಾತಾಡಾಕ ಯಾರೂ ಇಲ್ಲ. ಪ್ರತಿಯೊಬ್ರಿಗೂ ಒಂದೊಂದು ಗೋಡೆ.”

ನಾನು ಹಿಗ್ಗಿದೆ. ಈ ಹಿಗ್ಗಿನಲ್ಲೇ ಪ್ರವಾಸ ಕಥನ ಮುಗಿಸಿಬಿಡಬಹುದಿತ್ತು. ಆದರೆ ಊರಿಗೆ ಬಂದ ಮೇಲೆ ಅಕ್ಕನ ಖಾತೆ ತೆರೆದು ನೋಡಿದೆ. ಅಂದಿನ ತಾರೀಖಿಗೆ ಕಂಪನಿಯ ಒಂದು ಸಂದೇಶವಿತ್ತು: ವಿಮಾನ ಬದಲಾದ ಕಾರಣ ನಿಮ್ಮ ಆಸನದ ದರ್ಜೆ ಬದಲಾಗಿದೆ, ವಿಷಾದಿಸುತ್ತೇವೆ. ಕೆಳಗೆ, ಅಪ್‌ಗ್ರೇಡಿನ ಪಾಯಿಂಟುಗಳು ವಾಪಸ್ ಬಂದಿದ್ದವು. ಅಕ್ಕ ಕೇಳಿ ಇಳಿದದ್ದಾದರೆ ಅವು ಬರಬಾರದಿತ್ತು. ಇಲ್ಲವೇ ಆ ಗುಜರಾತಿನ ಹೆಣ್ಣುಮಗಳು ಕರುಣೆಯಿಂದ ಕಾರಣವನ್ನೇ ಬದಲಿಸಿ ಬರೆದಳೋ? ಅಕ್ಕನನ್ನು ಕೇಳಿಲ್ಲ. ಕೇಳುವುದೂ ಇಲ್ಲ.

ಇಪ್ಪತ್ತೊಂಬತ್ತನೆಯ ಸಾಲು

ಅಕ್ಕನ ಪಾದಗಳನ್ನು ನನ್ನ ಚೀಲದ ಮೇಲೆ ಎತ್ತಿಡಿಸಿದೆ. ವಿಮಾನ ಏರಿತು. ಪರದೆ ನಮ್ಮ ಮುಂದೆ ದೂರದಲ್ಲಿತ್ತು, ಅದರ ಆಚೆ ಯಾರಿದ್ದರೂ ನಮಗೆ ಬೇಕಿರಲಿಲ್ಲ.

“ಅಕ್ಕ, ಒಂದು ಕೇಳ್ತೀನಿ. ಸಿಟ್ಟಾಗಬ್ಯಾಡ್ರಿ.”

“ಡಬ್ಬಿದು ತಾನೆ?”

ತಲೆಯಾಡಿಸಿದೆ.

“ಕೇಳು. ನಾನೂ ಆರು ವರ್ಷದಿಂದ ಕೇಳ್ಬೇಕು ಅನ್ಕಂಡೀನಿ. ಯಾಕ ಖಾಲಿ ಕಳಿಸಿದ್ದೆ?”

“ನಾನಾ? ಕಳಿಸಿದ್ದು ನೀವು! ಯುಗಾದಿ ಮರುದಿನ. ಹೋಳಿಗಿ ಡಬ್ಬಿ.”

“ಯುಗಾದಿ ಎಲ್ಲಿಂದ ಬಂತು? ಶಿವರಾತ್ರಿಗೆ ತಂಬಿಟ್ಟು ಹಾಕಿ ಕಳಿಸಿದ್ದೆ ನಾನು. ಡಬ್ಬಿ ಖಾಲಿ ಬಂತು. ತೊಳೆದು, ಒರೆಸಿ, ಮುಚ್ಚಳ ಹಾಕಿ.”

ನನ್ನ ಮಾತುಗಳೇ. ಅದೇ ಕ್ರಮದಲ್ಲಿ. ಶಿವರಾತ್ರಿ ಯುಗಾದಿಗಿಂತ ಮೊದಲು ಬರುತ್ತದೆ. ಹಾಗಾದರೆ ಮೊದಲು ಕಳಿಸಿದವಳು ನಾನು, ಅವರದು ಉತ್ತರ. ಆದರೆ ಆ ವರ್ಷ ಅವರ ತಂಬಿಟ್ಟು ತಿಂದದ್ದು ನನಗೆ ಎಷ್ಟು ತಡಕಿದರೂ ನೆನಪಾಗಲಿಲ್ಲ. ನಾನು ಹಾಗೆ ಮಾಡುವವಳಲ್ಲ. ಅವರೂ ಅಲ್ಲ.

“ಯಾರ ಕೈಲಿ ಕಳಿಸಿದ್ರಿ?”

ಅಕ್ಕ ಯೋಚಿಸಿದರು. “ನಿಮ್ಮ ಭಾವನ ಕೈಲಿ ಅನ್ಸುತ್ತೆ.”

ತಂಬಿಟ್ಟೆಂದರೆ ಭಾವನಿಗೆ ಎಷ್ಟು ಆಸೆ ಎಂಬುದು ಇಬ್ಬರಿಗೂ ಒಟ್ಟಿಗೆ ಹೊಳೆಯಿತು. ಗೋಡೆಯ ಆ ತುದಿಯಿಂದ ಈ ತುದಿಗೆ ಹತ್ತು ಹೆಜ್ಜೆ. ಅಕ್ಕ ಬಾಯಿಗೆ ಸೆರಗು ಹಿಡಿದು ನಗತೊಡಗಿದರು. “ಹಬ್ಬದ ದಿನ, ಅದೂ ಉಪವಾಸ ಅಂತ ಹೇಳ್ಕಂಡು!” ನಗು ಎಲ್ಲಿ ಅಳುವಾಯಿತು ಎಂದು ಗೊತ್ತಾಗಲಿಲ್ಲ. ಎರಡು ವರ್ಷವಾಗಿತ್ತು ಭಾವ ಹೋಗಿ. ತಿಂದಿದ್ದರೂ ಕೇಳುವಂತಿರಲಿಲ್ಲ.

“ಡಬ್ಬಿ ಯಾವುದು ಅಕ್ಕ?”

“ನನ್ನ ಹೆಸರು ಇದ್ದಿದ್ದು.”

“ಎಲ್ಲಾವೂ ನಿಮ್ಮ ಹೆಸರಿನವೇ.”

ಚಟ್ನಿಪುಡಿಯ ಡಬ್ಬಿಯನ್ನು ಚೀಲದಿಂದ ತೆಗೆದು ಅವರ ಮುಂದಿಟ್ಟೆ. ಅಕ್ಕ ಮುಚ್ಚಳದ ಮೇಲಿನ ಚುಕ್ಕಿಗಳನ್ನು ಬೆರಳಲ್ಲಿ ಸವರಿದರು. ಪೈಪಿನ ಅಳತೆ ನೋಡುವಂತೆ ಅತ್ತ ಇತ್ತ ತಿರುಗಿಸಿದರು. “ಇದೇ ಇರಬಹುದು,” ಎಂದರು. “ಇರಬಹುದು,” ಎಂದೆ. ಅಷ್ಟೇ.

ಊರಿಗೆ ಬಂದು ಆ ಎರಡು ಡಬ್ಬಿಗಳ ವಿಷಯ ನಮ್ಮವರನ್ನು ಕೇಳಿದೆ. “ಅದೆಲ್ಲ ಯಾಕ ಈಗ?” ಎಂದು ಪೇಪರು ಮಡಚಿಕೊಂಡು ಎದ್ದು ಹೋದರು. ಅವರಿಗೆ ಗೊತ್ತಿದೆಯೋ, ಗೊತ್ತಿಲ್ಲದ್ದನ್ನು ಗೊತ್ತಿದೆ ಎಂಬಂತೆ ಮಾಡುತ್ತಾರೋ, ಅದೂ ತಿಳಿಯದು.

ಡಬ್ಬಿಯನ್ನು ಅಕ್ಕ ಹರಿಹರಕ್ಕೆ ಒಯ್ದಿದ್ದಾರೆ. ತಳದಲ್ಲಿ ಇನ್ನೂ ಸ್ವಲ್ಪ ಚಟ್ನಿಪುಡಿಯಿತ್ತು. ಮೊದಲನೆಯ ಖಾಲಿ ಡಬ್ಬಿ ಗೋಡೆಯ ಯಾವ ಕಡೆಯಿಂದ ಹೊರಟಿತು ಎಂಬುದು ನನಗೆ ಗೊತ್ತಿಲ್ಲ.